ತೋಡಿಯಲ್ಲೂ ಭೀಮಸೇನರು, ಮುಲ್ತಾನಿಯಲ್ಲೂ ಭೀಮಸೇನರೇ?

ಪ್ರಶ್ನೆ: ಕೆಲವು ವರ್ಷಗಳಿಂದ ಕಿರಾಣಾ ಪದ್ಧತಿಯಲ್ಲಿ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಪಂಡಿತ ಭೀಮಸೇನ ಜೋಶಿಯವರ ಯಾವ ಧ್ವನಿಮುದ್ರಿಕೆ ಹಾಕಿದರೂ ಅರ್ಧ ನಿಮಿಷದೊಳಗೆ ಅದು ಅವರದೇ ಎಂದು ತಿಳಿದುಬಿಡುತ್ತದೆ. ಮತ್ತೆ ಮತ್ತೆ ಅವೇ ಕೆಲವು ರಾಗಗಳು, ಅದೇ ಕ್ರಮದ ವಿಸ್ತಾರ, ಕೊನೆಗೆ ಅದೇ ಬಗೆಯ ತಾನುಗಳು, ಅಂದರೆ ವೇಗದ ಸ್ವರಸರಣಿಗಳು. ನನ್ನೊಂದಿಗೆ ಕಲಿಯುವವರು ಇದನ್ನು ಮಿತಿ ಎನ್ನುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ಅಪ್ರಚಲಿತ ರಾಗಗಳನ್ನೂ ಕುಮಾರ ಗಂಧರ್ವರ ಹೊಸತನವನ್ನೂ ಎದುರಿಗಿಟ್ಟು ವಾದಿಸುತ್ತಾರೆ. ಒಬ್ಬ ಕಲಾವಿದ ಬದುಕಿಡೀ ಒಂದೇ ಶೈಲಿಯಲ್ಲಿ ಹಾಡುವುದು ಬಲವೋ, ಮಿತಿಯೋ? ಕಲಿಯುವವರು ಒಂದೇ ಘರಾಣೆಯಲ್ಲಿ, ಅಂದರೆ ಕಿರಾಣಾದಂಥ ಒಂದೇ ಗುರುಪರಂಪರೆಯ ಶೈಲಿಯಲ್ಲಿ, ನಿಲ್ಲಬೇಕೋ?

ಉತ್ತರ: ನಿಮ್ಮ ಗೆಳೆಯರ ಆಕ್ಷೇಪದಲ್ಲಿ ಮೂರು ಬೇರೆ ಸಂಗತಿಗಳು ಒಂದಾಗಿ ಕಲೆತಿವೆ. ಆಯ್ದುಕೊಂಡ ರಾಗಗಳ ಸಂಖ್ಯೆ ಚಿಕ್ಕದು ಎನ್ನುವುದು ಒಂದು. ರಾಗವನ್ನು ಬೆಳೆಸುವ ಕ್ರಮ ಬದಲಾಗುವುದಿಲ್ಲ ಎನ್ನುವುದು ಇನ್ನೊಂದು. ಕಂಠದ, ಉಚ್ಚಾರದ, ತಾನಿನ ಕೆಲವು ವೈಯಕ್ತಿಕ ರೂಢಿಗಳು ಎಲ್ಲೆಡೆ ಕೇಳಿಸುತ್ತವೆ ಎನ್ನುವುದು ಮೂರನೆಯದು. ಮೊದಲ ಎರಡನ್ನು ನಾನು ಮಿತಿ ಎಂದು ಕರೆಯಲಾರೆ. ಕಿರಾಣಾ ಗಾಯಕಿಯ, ಅಂದರೆ ಹಾಡುವ ಶೈಲಿಯ, ಒಳರಚನೆಯೇ ಅವನ್ನು ಬೇಡುತ್ತದೆ. ಮೂರನೆಯದು ಮಾತ್ರ ಕೆಲವೊಮ್ಮೆ ಬಲವಾಗಿಯೂ ಕೆಲವೊಮ್ಮೆ ಕೇವಲ ಅಭ್ಯಾಸವಾಗಿಯೂ ಇರಬಹುದು, ಮತ್ತು ಎರಡನ್ನೂ ಬೇರ್ಪಡಿಸಿ ಕೇಳುವುದಕ್ಕೆ ಒಂದು ದಾರಿಯಿದೆ.

ಆ ದಾರಿಯಿಂದಲೇ ಆರಂಭಿಸುತ್ತೇನೆ. ಭೀಮಸೇನ ಜೋಶಿಯವರು ಬಹಳ ಪ್ರೀತಿಯಿಂದ ಹಾಡುತ್ತಿದ್ದ ರಾಗಗಳಲ್ಲಿ ಮಿಯಾಂಕಿ ತೋಡಿ ಮತ್ತು ಮುಲ್ತಾನಿ ಎರಡೂ ಇವೆ. ಎರಡರಲ್ಲೂ ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ, ಶುದ್ಧ ನಿಷಾದ. ಕರ್ನಾಟಕ ಸಂಗೀತ ಬಲ್ಲವರು ಶುಭಪಂತುವರಾಳಿಯ ಸ್ವರಗಳನ್ನು ನೆನೆದುಕೊಂಡರೆ ಸಾಕು. ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಇವೆರಡರ ನಡುವೆ ವ್ಯತ್ಯಾಸವೇ ಇಲ್ಲ. ಹಾಡುವ ಕಂಠವೂ ಒಂದೇ, ನಿಧಾನಗತಿಯ ವಿಲಂಬಿತ ಏಕತಾಳದಿಂದ ವೇಗದ ದ್ರುತ ತೀನತಾಳಕ್ಕೆ ಸಾಗುವ ನಡೆಯೂ ಬಹುಮಟ್ಟಿಗೆ ಒಂದೇ. ಒಬ್ಬ ಗಾಯಕನ ಛಾಪು ರಾಗವನ್ನು ನುಂಗುವುದೇ ಆಗಿದ್ದರೆ ಇಲ್ಲಿ ನುಂಗಲೇಬೇಕಿತ್ತು. ಬೆಳಗಿನ ತೋಡಿ ಮತ್ತು ಇಳಿಹಗಲಿನ ಮುಲ್ತಾನಿ ಒಂದರ ಮೇಲೊಂದು ಬಂದು ಕೂರಬೇಕಿತ್ತು. ಹಾಗಾಗುವುದಿಲ್ಲ. ತೋಡಿಯಲ್ಲಿ ಅವರು ಗಾಂಧಾರವನ್ನು ತೀರ ತಗ್ಗಿಸಿ, ರಿಷಭದ ಕಡೆಗೆ ವಾಲಿಸಿ, ಅದರ ಮೇಲೆ ಭಾರ ಹಾಕಿ ನಿಲ್ಲುತ್ತಾರೆ. ಧೈವತಕ್ಕೂ ಅಷ್ಟೇ ಗೌರವ ಸಲ್ಲುತ್ತದೆ, ಪಂಚಮ ಮಾತ್ರ ಬಹಳ ಹೊತ್ತು ಕಾಯಬೇಕಾಗುತ್ತದೆ. ಮುಲ್ತಾನಿಯಲ್ಲಾದರೋ ನಿಷಾದದಿಂದ ಹೊರಟು ರಿಷಭವನ್ನು ಬಿಟ್ಟು ಗಾಂಧಾರ, ಮಧ್ಯಮಗಳನ್ನು ದಾಟಿ ಪಂಚಮದ ಮೇಲೆ ಬಂದು ಕೂರುತ್ತಾರೆ. ಅಲ್ಲಿನ ಗಾಂಧಾರ ತೀವ್ರ ಮಧ್ಯಮದಿಂದ ಜಾರಿ ಬರುವಂಥದ್ದು, ರಿಷಭ ಧೈವತಗಳು ಅವರೋಹದಲ್ಲಿ ಸೋಕಿ ಹೋಗುವಂಥವು. ಒಂದು ರಾಗದಲ್ಲಿ ನೆಲೆಯಾದ ಸ್ವರ ಇನ್ನೊಂದರಲ್ಲಿ ಬರಿಯ ನೆರಳಾಗಿದೆ. ಎರಡೂ ಧ್ವನಿಮುದ್ರಿಕೆಗಳನ್ನು ಒಂದೇ ದಿನ, ಮೊದಲ ಹತ್ತು ನಿಮಿಷಗಳಷ್ಟು ಮಾತ್ರ ಕೇಳಿ ನೋಡಿ. ಅರ್ಧ ನಿಮಿಷದಲ್ಲಿ ಗಾಯಕ ಯಾರೆಂದು ಗೊತ್ತಾಗುತ್ತದೆ ಎಂದಿದ್ದೀರಿ. ಅದೇ ಅರ್ಧ ನಿಮಿಷದಲ್ಲಿ ರಾಗ ಯಾವುದೆಂದೂ ತಪ್ಪಿಲ್ಲದೆ ಗೊತ್ತಾಗುತ್ತದೆ. ಎರಡೂ ಒಟ್ಟಿಗೆ ಗೊತ್ತಾಗುವುದಿದೆಯಲ್ಲ, ಶೈಲಿ ಬಲವಾಗಿರುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಇನ್ನು ರಾಗಗಳ ಸಂಖ್ಯೆಯ ಮಾತು. ಶುದ್ಧ ಕಲ್ಯಾಣ, ಪೂರಿಯಾ ಧನಾಶ್ರೀ, ದರ್ಬಾರಿ, ಮಾಲ್‌ಕೌಂಸ್, ಲಲಿತ್, ಅಭೋಗಿ, ಭೀಮ್‌ಪಲಾಸಿ, ಯಮನ್ ಹೀಗೆ ಪರಿಚಿತ ರಾಗಗಳ ಸುತ್ತಲೇ ಅವರ ಕಛೇರಿಗಳು ನಡೆದವು ಎನ್ನುವುದು ನಿಜ. ಕಲಾಶ್ರೀಯಂಥ ಹೊಸ ರಾಗವನ್ನು ಕಟ್ಟಿದರೂ ಅವರ ಹೆಸರು ನಿಂತದ್ದು ಈ ದೊಡ್ಡ ರಾಗಗಳ ಮೇಲೆಯೇ. ಇದನ್ನು ಸೋಮಾರಿತನವೆಂದೋ ಶ್ರೋತೃಗಳ ಚಪ್ಪಾಳೆಯ ಮೋಹವೆಂದೋ ತಿಳಿಯುವವರು ಕಿರಾಣಾ ವಿಸ್ತಾರ ಹೇಗೆ ನಡೆಯುತ್ತದೆ ಎನ್ನುವುದನ್ನು ಗಮನಿಸಿಲ್ಲ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರಿಗೆ, ಅವರಿಂದ ಶಿಷ್ಯರಿಗೆ ಬಂದ ಈ ಗಾಯಕಿಯಲ್ಲಿ ಬಢತ್ ಎನ್ನುವುದು ಒಂದೊಂದು ಸ್ವರವನ್ನು ಪ್ರತ್ಯೇಕ ನೆಲೆಯಾಗಿ ತೆರೆಯುತ್ತಾ, ಅದರ ಸುತ್ತ ಸಣ್ಣ ಸಣ್ಣ ವಾಕ್ಯಗಳನ್ನು ಕಟ್ಟುತ್ತಾ, ಮಂದ್ರದಿಂದ ತಾರ ಷಡ್ಜದವರೆಗೆ ತಾಳ್ಮೆಯಿಂದ ಏರುವ ಕ್ರಮ. ಈ ಕ್ರಮಕ್ಕೆ ಒಗ್ಗಬೇಕಾದರೆ ರಾಗದ ಹೆಚ್ಚಿನ ಸ್ವರಗಳಲ್ಲಿ ತಂಗಲು ಜಾಗವಿರಬೇಕು. ಎರಡು ರಾಗಗಳು ಹೆಣೆದುಕೊಂಡ ಜೋಡ್ ರಾಗಗಳಲ್ಲಿ, ವಕ್ರವಾಗಿ ನಡೆಯುವ ಅಪ್ರಚಲಿತ ರಾಗಗಳಲ್ಲಿ ಆ ಜಾಗವಿರುವುದಿಲ್ಲ. ಒಂದು ಸ್ವರದ ಮೇಲೆ ತುಸು ಹೆಚ್ಚು ಹೊತ್ತು ನಿಂತರೂ ನೆರೆಯ ರಾಗ ಒಳಗೆ ನುಗ್ಗುತ್ತದೆ. ಅಲ್ಲಿ ರಾಗ ಇರುವುದು ಸ್ವರದಲ್ಲಲ್ಲ, ಸ್ವರಗುಚ್ಛದ ತಿರುವಿನಲ್ಲಿ.

ಮನ್ಸೂರರ ಗಾಯಕಿಯನ್ನು ಇದರ ಪಕ್ಕದಲ್ಲಿಟ್ಟರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಾದಿಯಾ ಖಾನರ ಜೈಪುರ–ಅತ್ರೌಲಿ ಪರಂಪರೆಯಲ್ಲಿ ಅತಿ ವಿಲಂಬಿತವಿಲ್ಲ. ಮುನ್ನ ದೀರ್ಘ ಆಲಾಪ ಮಾಡದೆ ಗಾಯಕರು ಬೇಗನೆ ಬಂದಿಶ್‌ಗೆ, ಅಂದರೆ ತಾಳಕ್ಕೆ ಕೂರಿಸಿದ ರಚನೆಗೆ, ಬರುತ್ತಾರೆ. ಸ್ವರ ಮತ್ತು ಲಯ ಒಂದನ್ನೊಂದು ಬಿಡದೆ, ಪ್ರತಿ ಆವರ್ತನವೂ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಹೊಸ ದಾರಿಯಿಂದ ಮರಳುತ್ತದೆ. ತಾನುಗಳು ನೇರವಾಗಿ ಏರಿ ಇಳಿಯದೆ ರಾಗದ ವಕ್ರತೆಯನ್ನೇ ಅನುಸರಿಸುತ್ತವೆ. ಹೀಗಿರುವುದರಿಂದಲೇ ಅಲ್ಲಿ ಶಿವಮತ್ ಭೈರವ, ಬಿಹಾರಿ, ಖಟ್, ಬಸಂತಿ ಕೇದಾರದಂಥ ರಾಗಗಳು ಸಹಜವಾಗಿ ಬಾಳುತ್ತವೆ. ಅಂದರೆ ಮನ್ಸೂರರ ರಾಗಸಂಪತ್ತು ಅವರು ಶೈಲಿಯಿಂದ ಬಿಡಿಸಿಕೊಂಡದ್ದರ ಫಲವಲ್ಲ. ಅದು ಶೈಲಿಗೆ ಸಂಪೂರ್ಣ ನಿಷ್ಠರಾಗಿದ್ದುದರ ಫಲ. ಮನ್ಸೂರರನ್ನು ಅರ್ಧ ನಿಮಿಷದಲ್ಲಿ ಗುರುತಿಸಲಾಗದೆ ಹೋಗುತ್ತೀರಾ? ಆ ಬಿಚ್ಚುಗಂಠದ ಆಕಾರ, ಉಸಿರು ಮುಗಿಯುವ ಮೊದಲೇ ಮುಂದಿನ ವಾಕ್ಯ ಹುಟ್ಟುವ ಆ ಆತುರ, ಭೀಮಸೇನರ ಛಾಪಿನಷ್ಟೇ ಅಳಿಸಲಾಗದವು. ಅವರ ಭೈರವದಲ್ಲೂ ಅದಿದೆ, ಅಕ್ಕಮಹಾದೇವಿಯ ವಚನಗಳನ್ನು ಹಾಡುವಾಗಲೂ ಅದಿದೆ. ನಿಮ್ಮ ಗೆಳೆಯರು ಭೀಮಸೇನರ ಎದುರಿಗೆ ಮನ್ಸೂರರನ್ನು ಇಟ್ಟಾಗ ಅವರು ಹೋಲಿಸುತ್ತಿರುವುದು ರಾಗಗಳ ಪಟ್ಟಿಯನ್ನು ಮಾತ್ರ. ಶೈಲಿಯ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ನಿಂತಿದ್ದಾರೆ.

ಪ್ರತಿ ಶೈಲಿಯೂ ಏನನ್ನಾದರೂ ಬಿಟ್ಟುಕೊಡುತ್ತದೆ, ಮತ್ತು ಅದನ್ನು ಮುಚ್ಚಿಡಬೇಕಾಗಿಲ್ಲ. ಕಿರಾಣಾದವರು ಬಂದಿಶ್‌ನ ಸಾಹಿತ್ಯವನ್ನೂ ಲಯದ ಕೆಲಸವನ್ನೂ ಹಿಂದಕ್ಕೆ ತಳ್ಳಿದರು ಎಂಬ ಹಳೆಯ ದೂರಿನಲ್ಲಿ ಸತ್ಯವಿದೆ. ಗ್ವಾಲಿಯರ್ ಪದ್ಧತಿಯಲ್ಲಿ ಪಳಗಿದ ಗವಾಯಿಯೊಬ್ಬರು ಬೋಲ್‌ತಾನಿನಲ್ಲಿ ಅಕ್ಷರಗಳನ್ನು ಲಯದೊಂದಿಗೆ ಆಡಿಸುವಾಗ ಸಿಗುವ ಸುಖವನ್ನು ಬಯಸಿ ನೀವು ಭೀಮಸೇನರ ಬಳಿ ಹೋದರೆ ನಿರಾಶರಾಗುತ್ತೀರಿ. ಹಾಗೆಯೇ ಒಂದು ಸ್ವರ ಮೆಲ್ಲನೆ ಬೆಳಗುವುದನ್ನು ಕಾಯುವ ಸುಖ ಬೇಕಾದವರಿಗೆ ಜೈಪುರದವರು ಅದನ್ನು ಕೊಡುವುದಿಲ್ಲ. ಇವು ಮಿತಿಗಳೇ, ಆದರೆ ಆಯ್ದುಕೊಂಡ ಮಿತಿಗಳು; ಅವನ್ನು ಒಪ್ಪಿದ್ದರಿಂದಲೇ ಉಳಿದದ್ದು ಅಷ್ಟು ಆಳಕ್ಕೆ ಇಳಿಯಿತು.

ಘರಾಣೆಯ ಶೈಲಿಯನ್ನೂ ವ್ಯಕ್ತಿಯ ಛಾಪನ್ನೂ ಒಂದೇ ಎಂದು ತಿಳಿಯದಿರುವುದು ಕಲಿಯುವವರಿಗೆ ಬಹಳ ಮುಖ್ಯ. ಸವಾಯಿ ಗಂಧರ್ವರ ಒಂದೇ ತಾಲೀಮಿನಿಂದ ಹೊರಬಂದ ಮೂವರನ್ನು ನೋಡಿ. ಫಿರೋಜ್ ದಸ್ತೂರರು ಅಬ್ದುಲ್ ಕರೀಂ ಖಾನರ ಆ ತೆಳುವಾದ, ಇಂಪಾದ, ತೇಲುವ ಸ್ವರವನ್ನು ಹತ್ತಿರದಿಂದ ಹಿಡಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತ ಗಂಗೂಬಾಯಿ ಹಾನಗಲ್ಲರು ಆರಂಭದ ಮುದ್ರಿಕೆಗಳಲ್ಲಿ ಎತ್ತರದ, ಸಪೂರ ದನಿಯಲ್ಲಿ ಹಾಡಿದವರು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ತಗ್ಗಿ, ಗಂಡುದನಿಯೆಂದು ತಪ್ಪು ತಿಳಿಯುವಷ್ಟು ಗಡುಸಾಯಿತು. ಅವರು ಆ ದನಿಯನ್ನು ಮರೆಸಲು ಯತ್ನಿಸಲಿಲ್ಲ. ಅದರ ತೂಕವನ್ನೇ ವಿಲಂಬಿತದ ಆಧಾರವಾಗಿ ಮಾಡಿಕೊಂಡು, ಅಲಂಕಾರವನ್ನು ಕಡಿಮೆ ಮಾಡಿ, ಸ್ವರವನ್ನು ನೆಟ್ಟಗೆ ನಿಲ್ಲಿಸಿದರು. ಭೀಮಸೇನರು ಅದೇ ತಾಲೀಮಿಗೆ ವೇಗವನ್ನೂ ಬಲವನ್ನೂ ಮೂರು ಸ್ಥಾಯಿಗಳಲ್ಲಿ ಸಂಚರಿಸುವ ತಾನನ್ನೂ ತಂದರು, ಉಸ್ತಾದ್ ಅಮೀರ್ ಖಾನ್, ಕೇಸರಬಾಯಿ ಕೇರ್ಕರ್ ಮೊದಲಾದವರಿಂದ ತಮಗೆ ಬೇಕಾದುದನ್ನು ತೆಗೆದುಕೊಂಡರು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗದಗದ ಮನೆಬಿಟ್ಟು ಗ್ವಾಲಿಯರ್, ಜಲಂಧರಗಳವರೆಗೆ ಅಲೆದು ಬಂದ ಹುಡುಗ ಕೇಳಿದ್ದೆಲ್ಲವೂ ಆ ಕಂಠದಲ್ಲಿ ಎಲ್ಲೋ ಉಳಿದಿತ್ತು ಎಂದೇ ನಾನು ನಂಬುತ್ತೇನೆ. ನಾವು ಇಂದು ಭೀಮಸೇನರ ಮಾರ್ಪಡದ ಶೈಲಿ ಎನ್ನುವುದು ಹೀಗೆ ಹಲವನ್ನು ಅರಗಿಸಿಕೊಂಡು ಮೂಡಿದ್ದು. ಅದು ಸಿದ್ಧವಾದ ಮೇಲೆ ಮಾರ್ಪಡಲಿಲ್ಲವೇ ಹೊರತು, ಸಿದ್ಧವಾಗುವಾಗ ಏಕರೂಪವಾಗಿರಲಿಲ್ಲ.

ಕುಮಾರ ಗಂಧರ್ವರ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಶೈಲಿಯಿಂದ ಬಿಡುಗಡೆ ಎನ್ನುವ ವಾದಕ್ಕೆ ಎಲ್ಲರೂ ಕರೆತರುವ ಸಾಕ್ಷಿ ಅವರೇ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಬಾಲ್ಯದಲ್ಲಿ ಹೆಸರಾದದ್ದೇ ಧ್ವನಿಮುದ್ರಿಕೆಗಳಲ್ಲಿ ಕೇಳಿದ ದೊಡ್ಡ ಗವಾಯಿಗಳನ್ನು ಹಾಗೆ ಹಾಗೆಯೇ ಹಾಡಿ ತೋರಿಸುವ ಬೆರಗಿನಿಂದ. ಮುಂದೆ ಮುಂಬಯಿಯಲ್ಲಿ ಪ್ರೊ. ಬಿ. ಆರ್. ದೇವಧರರ ಬಳಿ ಶಿಕ್ಷಣವಾಯಿತು. ಕ್ಷಯರೋಗದಿಂದಾಗಿ 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು, ವರ್ಷಗಟ್ಟಲೆ ಹಾಡುವಂತಿರಲಿಲ್ಲ. 1950ರ ದಶಕದ ಆರಂಭದಲ್ಲಿ ವೇದಿಕೆಗೆ ಮರಳಿದಾಗ ಗಾಯಕಿ ಬೇರೆಯಾಗಿತ್ತು. ಚಿಕ್ಕ ವಾಕ್ಯಗಳು, ಹಠಾತ್ತನೆ ಹೊಮ್ಮುವ ತಾನುಗಳು, ನಡುವೆ ಅರ್ಥಪೂರ್ಣವಾದ ಮೌನ, ಮಾಳವದ ಜನಪದ ಧಾಟಿಗಳಿಂದ ಕಂಡುಕೊಂಡ ಹೊಸ ರಾಗಗಳು. ಶ್ವಾಸಕೋಶದ ದೌರ್ಬಲ್ಯವೇ ಆ ಶೈಲಿಯನ್ನು ಹುಟ್ಟಿಸಿತು ಎಂದು ಹೇಳುವುದು ರೂಢಿಯಾಗಿದೆ. ನನಗದು ಅರೆ ವಿವರಣೆಯಾಗಿ ಕಾಣುತ್ತದೆ. ಉಸಿರಿನ ಕೊರತೆ ವಾಕ್ಯ ಏಕೆ ಚಿಕ್ಕದಾಯಿತು ಎನ್ನುವುದನ್ನು ಹೇಳಬಲ್ಲದು. ಆ ಚಿಕ್ಕ ವಾಕ್ಯ ರಾಗದ ಯಾವ ಬಿಂದುವಿನಲ್ಲಿ ತುಂಡಾಗಬೇಕು, ಮೌನದ ನಂತರ ಯಾವ ಸ್ವರದಿಂದ ಮತ್ತೆ ಏಳಬೇಕು ಎನ್ನುವುದನ್ನು ಹೇಳಲಾರದು; ಅದು ರಾಗದ ಬಗ್ಗೆ ಅವರು ನಡೆಸಿದ ಚಿಂತನೆಯಿಂದ ಬಂದದ್ದು.

ಆದರೆ ನಿಮ್ಮ ಪ್ರಶ್ನೆಗೆ ಬೇಕಾದ ಅಂಶ ಇದರ ಮುಂದೆ ಇದೆ. ಘರಾಣೆಯ ಗೆರೆಗಳನ್ನು ಒಪ್ಪದೆ ಹೊರನಡೆದ ಕುಮಾರರೂ ಕೆಲವೇ ವರ್ಷಗಳಲ್ಲಿ ತಮ್ಮದೇ ಆದ, ಯಾವುದೇ ಘರಾಣೆಗಿಂತ ಗಾಢವಾದ ಛಾಪನ್ನು ಪಡೆದರು. ಅವರ ಕಬೀರ ಭಜನೆಯ ಮೊದಲ ಸಾಲು, ಅವರ ಮಾಲವತಿ ರಾಗದ ಮೊದಲ ಆವರ್ತನ, ಎರಡರಲ್ಲೂ ಆ ಕುಮಾರತನ ಒಂದೇ ಬಗೆಯಾಗಿ ಎದ್ದು ಕೇಳುತ್ತದೆ. ಹೊಸತನ್ನು ಹುಡುಕಿದವರಿಗೆ ಶೈಲಿ ತಪ್ಪಲಿಲ್ಲ, ಮತ್ತು ತಪ್ಪಬೇಕಾಗಿಯೂ ಇರಲಿಲ್ಲ. ಒಂದು ಮನಸ್ಸು ರಾಗವನ್ನು ನಿಜವಾಗಿ ವಿಚಾರಿಸತೊಡಗಿದರೆ ಅದರ ವಿಚಾರಣೆಯ ರೀತಿ ಪುನರಾವರ್ತನೆಯಾಗಲೇಬೇಕು, ಏಕೆಂದರೆ ಮನಸ್ಸು ಒಂದೇ.

ಹಾಗಾದರೆ ಛಾಪು ಎಂದಿಗೂ ಮಿತಿಯಾಗುವುದಿಲ್ಲವೇ? ಆಗುತ್ತದೆ, ಮತ್ತು ಇಲ್ಲಿ ಭೀಮಸೇನರನ್ನೂ ನಾನು ಹೊರಗಿಡುವುದಿಲ್ಲ. ಅವರ ವಿಲಂಬಿತದಲ್ಲಿ ರಾಗದ ಮಾತು ಕೊನೆಯವರೆಗೂ ನಡೆಯುತ್ತದೆ. ದ್ರುತದ ಕೊನೆಯ ಭಾಗದಲ್ಲಿ, ಅದರಲ್ಲೂ ದೊಡ್ಡ ಸಭೆಗಳಲ್ಲಿ ಹಾಡಿದ ನಂತರದ ವರ್ಷಗಳ ಕೆಲವು ಮುದ್ರಿಕೆಗಳಲ್ಲಿ, ತಾರ ಸಪ್ತಕದಿಂದ ನೇರವಾಗಿ ಸುರಿಯುವ ಸಪಾಟ್ ತಾನುಗಳು ಒಂದು ರಾಗದಿಂದ ತೆಗೆದು ಇನ್ನೊಂದರಲ್ಲಿ ಇಟ್ಟರೂ ನಡೆಯುವಂತಿವೆ ಎಂದು ನನ್ನ ಕಿವಿಗೆ ಅನ್ನಿಸಿದೆ. ಸ್ವರಗಳು ಬದಲಾಗಿರುತ್ತವೆ, ತಾನಿನ ಆಕಾರ ಬದಲಾಗಿರುವುದಿಲ್ಲ. ಅಲ್ಲಿ ರಾಗ ತಾನನ್ನು ಕೇಳುತ್ತಿಲ್ಲ. ಸಭೆ ಕೇಳುತ್ತಿದೆ, ಕಂಠಕ್ಕೆ ಅದು ಸಲೀಸಾಗಿ ಬರುತ್ತಿದೆ. ಮೊದಲು ಹೇಳಿದ ತೋಡಿ–ಮುಲ್ತಾನಿಯ ಹೋಲಿಕೆಯನ್ನು ಕಛೇರಿಯ ಈ ಭಾಗಕ್ಕೂ ಅನ್ವಯಿಸಿ ನೋಡಿದರೆ ಶೈಲಿ ಎಲ್ಲಿ ರಾಗದ ಸೇವೆಯಲ್ಲಿದೆ, ಎಲ್ಲಿ ತನ್ನಷ್ಟಕ್ಕೆ ತಾನೇ ಓಡುತ್ತಿದೆ ಎನ್ನುವುದು ನಿಮಗೇ ಕೇಳಿಸುತ್ತದೆ. ಇದರಿಂದ ಅವರ ಎತ್ತರ ಕುಗ್ಗುವುದಿಲ್ಲ. ಒಬ್ಬ ಮಹಾನ್ ಗಾಯಕನ ಛಾಪಿನೊಳಗೇ ಜೀವಂತ ಭಾಗ ಮತ್ತು ರೂಢಿಯ ಭಾಗ ಎರಡೂ ಇರುತ್ತವೆ ಎನ್ನುವುದನ್ನು ತಿಳಿಯದೆ ಕಲಿಯುವವನು ಸಾಮಾನ್ಯವಾಗಿ ರೂಢಿಯ ಭಾಗವನ್ನೇ ಮೊದಲು ಎತ್ತಿಕೊಳ್ಳುತ್ತಾನೆ ಎಂಬುದಕ್ಕಾಗಿ ಇಷ್ಟು ಹೇಳಬೇಕಾಯಿತು.

ಭೀಮಸೇನರನ್ನು ಅನುಕರಿಸಿದವರಲ್ಲಿ ನಾವು ಕಂಡದ್ದು ಅದನ್ನೇ. ಆ ಗುಡುಗು, ಆ ಕೈಬೀಸು, ತಾರ ಷಡ್ಜಕ್ಕೆ ಎಗರುವ ಆ ಭಂಗಿ ಬೇಗ ಬಂದುಬಿಟ್ಟವು; ತೋಡಿಯ ಗಾಂಧಾರವನ್ನು ಅಷ್ಟು ಹೊತ್ತು ಅಲುಗಾಡದೆ ಹಿಡಿದಿಡುವ ತಾಳ್ಮೆ ಬರಲಿಲ್ಲ. ಒಬ್ಬರ ಕಂಠದಲ್ಲಿ ಬಲವಾಗಿದ್ದ ಛಾಪು ಇನ್ನೊಬ್ಬರ ಕಂಠದಲ್ಲಿ ಪೂರ್ತಿ ಮಿತಿಯಾಗುವುದು ಹೀಗೆ.

ಒಂದು ಹೆಸರು ಈ ಚರ್ಚೆಯಲ್ಲಿ ಸದಾ ಬಿಟ್ಟುಹೋಗುತ್ತದೆ, ಅದು ನನಗೆ ನೋವಿನ ಸಂಗತಿ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳಲ್ಲಿ ಅಡಿಪಾಯ ಹಾಕಿಕೊಂಡು, ನಂತರ ಹಲವು ಘರಾಣೆಗಳ ಗುರುಗಳನ್ನು ಹುಡುಕಿಕೊಂಡು ಹೋಗಿ ಕಲಿತವರು. ಖ್ಯಾಲ್, ಠುಮ್ರಿ, ನಾಟ್ಯಗೀತೆ, ವಚನ ಯಾವುದಕ್ಕೂ ಅವರ ಬಳಿ ಸಿದ್ಧತೆಯ ಕೊರತೆ ಇರಲಿಲ್ಲ. ನಿಮ್ಮ ಗೆಳೆಯರ ವಾದದಂತೆ ವೈವಿಧ್ಯವೇ ದೊಡ್ಡದಾಗಿದ್ದರೆ ಅವರ ಹೆಸರು ನಾಡಿನ ಹೊರಗೂ ಭೀಮಸೇನ, ಮನ್ಸೂರ, ಕುಮಾರರಷ್ಟೇ ಬೆಳಗಬೇಕಿತ್ತು. ಹಾಗಾಗಲಿಲ್ಲ, ಮತ್ತು ಅದಕ್ಕೆ ಒಂದು ಕಾರಣ, ಒಂದೇ ಏಟಿಗೆ ಗುರುತು ಹಿಡಿಯಬಹುದಾದ ಛಾಪನ್ನು ಶ್ರೋತೃಸಮೂಹ ಸುಲಭವಾಗಿ ನೆನಪಿಟ್ಟುಕೊಳ್ಳುತ್ತದೆ ಎನ್ನುವುದು. ಛಾಪು ಪ್ರಸಿದ್ಧಿಯನ್ನು ತರುತ್ತದೆ. ಪ್ರಸಿದ್ಧಿ ಬಂದಿದ್ದರಿಂದಲೇ ಛಾಪು ಕಲಾತ್ಮಕವಾಗಿ ಮೇಲು ಎಂದು ತೀರ್ಮಾನಿಸಬಾರದು. ರಾಜಗುರುಗಳ ವೈಶಿಷ್ಟ್ಯ ಇರುವುದು ಅಚ್ಚುಕಟ್ಟಿನಲ್ಲಿ, ಒಂದು ಪ್ರಕಾರದಿಂದ ಇನ್ನೊಂದಕ್ಕೆ ಹೋದಾಗ ಆ ಪ್ರಕಾರದ ನಡತೆಯನ್ನು ಪೂರ್ತಿ ಪಾಲಿಸುವುದರಲ್ಲಿ. ಅದನ್ನು ಕೇಳಲು ಹೆಚ್ಚು ಗಮನ ಬೇಕು, ಅಷ್ಟೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಕಲಿಯುವ ಹಂತದಲ್ಲಿ ಒಂದೇ ಘರಾಣೆಯಲ್ಲಿ ಸಾಕಷ್ಟು ಕಾಲ ನಿಲ್ಲಿ ಎನ್ನುವುದು ನನ್ನ ಸಲಹೆ. ಘರಾಣೆ ಬದಲಿಸುವುದು ತಪ್ಪು ಎಂಬ ಕಾರಣಕ್ಕಲ್ಲ. ಮನ್ಸೂರರೇ ಮೀರಜಿನ ನೀಲಕಂಠಬುವಾ ಆಲೂರಮಠರಿಂದ ಗ್ವಾಲಿಯರ್ ಪದ್ಧತಿಯ ಪೂರ್ಣ ಶಿಕ್ಷಣ ಪಡೆದು, ಧ್ವನಿಮುದ್ರಿಕೆಗಳಿಂದ ಹೆಸರೂ ಮಾಡಿದ ಮೇಲೆ, 1930ರ ದಶಕದ ನಡುವಿನಲ್ಲಿ ಜೈಪುರ–ಅತ್ರೌಲಿ ಘರಾಣೆಯ ಮಂಜೀ ಖಾನರ ಶಿಷ್ಯರಾಗಿ ಮತ್ತೆ ಮೊದಲಿನಿಂದ ಕಲಿತರು. 1937ರಲ್ಲಿ ಮಂಜೀ ಖಾನರು ತೀರಿಕೊಂಡಾಗ ಅವರ ತಮ್ಮ ಭುರ್ಜೀ ಖಾನರಲ್ಲಿ ಮುಂದುವರಿಸಿದರು. ಅವರಿಗೆ ಅದು ಸಾಧ್ಯವಾದದ್ದು ಮೊದಲ ಶಿಕ್ಷಣ ಗಟ್ಟಿಯಾಗಿದ್ದುದರಿಂದ. ಜೈಪುರದ ತೊಡಕಿನ ಲಯವನ್ನು ಹಿಡಿಯಲು ಗ್ವಾಲಿಯರ್‌ನ ಬಂದಿಶ್ ಶಿಸ್ತು ಅವರೊಳಗೆ ಆಗಲೇ ಸಿದ್ಧವಾಗಿತ್ತು. ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ ಎಂದು ಓಡಾಡುವವರಿಗೆ ಎರಡೂ ಕಡೆಯ ಹೊರಗಿನ ಲಕ್ಷಣಗಳು ಮಾತ್ರ ದಕ್ಕುತ್ತವೆ.

ನಿಮ್ಮ ರಿಯಾಜ್‌ಗೆ ಒಂದು ಕೆಲಸ ಸೂಚಿಸುತ್ತೇನೆ. ನಿಮ್ಮ ಗುರುಗಳಿಂದ ಸ್ವರಗಳು ಹತ್ತಿರವಿರುವ ಒಂದು ಜೋಡಿಯನ್ನು ಕೇಳಿ ಪಡೆಯಿರಿ. ತೋಡಿ–ಮುಲ್ತಾನಿ ಈಗಲೇ ಭಾರವೆನಿಸಿದರೆ ಭೂಪ್ ಮತ್ತು ಶುದ್ಧ ಕಲ್ಯಾಣದಿಂದ ಆರಂಭಿಸಬಹುದು, ಏಕೆಂದರೆ ಇವೆರಡರ ಆರೋಹ ಒಂದೇ, ಶುದ್ಧ ಕಲ್ಯಾಣದ ಅವರೋಹದಲ್ಲಿ ಮಾತ್ರ ನಿಷಾದ ಮತ್ತು ತೀವ್ರ ಮಧ್ಯಮಗಳು ಮೀಂಡಿನೊಳಗೆ, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವಾಗ, ಸುಳಿಯುತ್ತವೆ. ಎರಡನ್ನೂ ನಿಮಗೆ ಸಹಜವಾದ ರೀತಿಯಲ್ಲೇ ಹಾಡಿ, ಮುದ್ರಿಸಿಕೊಂಡು, ಕೆಲವು ದಿನ ಬಿಟ್ಟು ಕೇಳಿ. ಎರಡರಲ್ಲೂ ಒಂದೇ ರೀತಿ ಬಂದಿರುವ ಪ್ರತಿ ವಾಕ್ಯವನ್ನು ಗುರುತು ಮಾಡಿಕೊಂಡು, ಈ ವಾಕ್ಯವನ್ನು ಇಲ್ಲಿ ರಾಗ ಬೇಡಿತ್ತೇ ಎಂದು ಗುರುಗಳೊಂದಿಗೆ ಕೂತು ವಿಚಾರಿಸಿ. ಬೇಡದಿದ್ದುದನ್ನು ಒಂದೊಂದಾಗಿ ಬಿಡುತ್ತಾ ಹೋದಾಗ ಉಳಿಯುವುದರಲ್ಲಿ ನಿಮ್ಮದೇ ಆದ ಏನಾದರೂ ಕಂಡರೆ, ಅದು ಭೀಮಸೇನರಂತೆ ಕೇಳುತ್ತದೆಯೋ ಇಲ್ಲವೋ ಎಂದು ಚಿಂತಿಸದೆ ಅದನ್ನು ಬೆಳೆಸಿ.